ನಮ್ಮನೇಲಿ ಸಕ್ಕರೆ ಡಬ್ಬಿನೇ ಇಲ್ಲ

ಇಲ್ಲ ಮಿಸ್, ಕದ್ದಳು ಅನ್ನೋ ಮಾತು ಮಾತ್ರ ಬೇಡ! ಐದು ವರ್ಷದ ಮಗು ಅದು. ಪಕ್ಕದಲ್ಲಿ ಕೂರೋ ಹುಡುಗನ ಡಬ್ಬಿಯಿಂದ ಒಂದು ಚಾಕಲೇಟ್ ತಗೊಂಡಿದ್ದಾಳೆ... ಸರಿ, ಕೇಳದೆ ತಗೊಂಡಿದ್ದಾಳೆ. ಅಷ್ಟಕ್ಕೇ ಆಫೀಸಿಗೆ ಫೋನ್ ಮಾಡಿ ಕರೆಸೋದಾ? ಎಲ್ಲೋ ಬಿದ್ದು ತಲೆ ಒಡ್ಕೊಂಡ್ಲೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಓಡಿ ಬಂದೆ. ನೋಡಿದ್ರೆ ಆಚೆ ಬೆಂಚಿನ ಮೇಲೆ ಕೂತಿದ್ದಾಳೆ, ನನ್ನ ಕಂಡ್ರೂ ತಲೆ ಎತ್ತಲಿಲ್ಲ.

ಬೇಡ, ನಾನು ಕೂರಲ್ಲ. ಈ ಮಕ್ಕಳ ಕುರ್ಚಿ ಮೇಲೆ ಕೂತ್ರೆ ಮಂಡಿ ಗಲ್ಲಕ್ಕೆ ತಾಗುತ್ತೆ. ಯಾಕೆ ನಗ್ತೀರಿ? ನಿಮಗೆ ಅಭ್ಯಾಸ ಆಗಿದೆ, ನನಗಿಲ್ಲ.

ಮೊದಲು ಆ ಹುಡುಗನ ಮನೆಯವರನ್ನ ಕರೆಸಿ. ಹೌದು, ತಪ್ಪು ಅವರದ್ದೇ! ಪೋಷಕರ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದ್ದೆ ತಾನೇ, ಡಬ್ಬಿಗೆ ಸಿಹಿ ಹಾಕಬೇಡಿ, ಕರಿದಿದ್ದು ಹಾಕಬೇಡಿ, ಹಣ್ಣು ಹಾಕಿ, ತರಕಾರಿ ಹಾಕಿ ಅಂತ? ನೀವೂ ಚಪ್ಪಾಳೆ ಹೊಡೆದ್ರಿ. ಹುಟ್ಟುಹಬ್ಬಕ್ಕೆ ಕ್ಲಾಸಿಗೆ ಕೇಕ್ ತರೋದನ್ನ ನಿಲ್ಲಿಸಿದ್ದು ಯಾರು? ನಾನೇ. ಎಷ್ಟು ಜನ ತಾಯಂದಿರು ನನ್ನ ಕಂಡ್ರೆ ಮುಖ ತಿರುಗಿಸ್ತಾರೆ ಗೊತ್ತಾ? ತಿರುಗಿಸ್ಲಿ! ನೀವು ಅವನನ್ನ ಬೇರೆ ಕ್ಲಾಸಿಗೆ ಹಾಕಿ, ಅಷ್ಟೇ.

ನಮ್ಮನೇಲಿ ಸಕ್ಕರೆ ಡಬ್ಬಿನೇ ಇಲ್ಲ ಮಿಸ್. ದೇವರಾಣೆಗೂ ಇಲ್ಲ. ಬಿಸ್ಕೆಟ್ ಇಲ್ಲ, ಐಸ್‌ಕ್ರೀಮ್ ಇಲ್ಲ. ಅವಳ ಅಜ್ಜಿ ಬಂದ್ರೂ ಬಾಗಿಲಲ್ಲೇ ಚೀಲ ಬಿಚ್ಚಿಸಿ ನೋಡ್ತೀನಿ. ಪಾಪ, ‘ನಾನೇನು ಕಳ್ಳಸಾಗಣೆ ಮಾಡ್ತೀನೇನೇ’ ಅಂತಾರೆ. ಆದ್ರೆ ಇವಳನ್ನ ನೋಡಿ! ಸೌತೆಕಾಯಿ ಕೊಡಿ, ಕ್ಯಾರೆಟ್ ಕೊಡಿ, ತಕರಾರಿಲ್ಲದೆ ತಿಂದು ತಟ್ಟೆ ತೋರಿಸ್ತಾಳೆ.

ಅತಿ ಆಯ್ತು ಅಂತೀರಾ? ಬಿಡಿ, ನಿಮ್ಮ ಮುಖಾನೇ ಹೇಳ್ತಿದೆ. ನಿಮಗೇನು, ಕಡ್ಡಿ ಹಾಗಿದ್ದೀರಿ. ಇವಳ ವಯಸ್ಸಲ್ಲಿ ನನ್ನನ್ನ ಡ್ರಮ್ಮು ಅಂತಿದ್ರು. ಹಿಂದಿನಿಂದ ಬಂದು ಬೆನ್ನ ಮೇಲೆ ಬಾರಿಸಿ ಓಡೋರು. ಅಳ್ತಾ ಮನೆಗೆ ಬಂದು ಹೇಳಿದ್ರೆ ನಮ್ಮಪ್ಪನೂ ನಕ್ಕುಬಿಡೋರು! ನನ್ನ ಮಗಳಿಗೆ ಅದು ಬೇಡ ಮಿಸ್. ಬೇಡವೇ ಬೇಡ.

ಅಂದಹಾಗೆ... ತಿಂದಿದ್ದು ಎಲ್ಲಿ? ಕ್ಲಾಸಲ್ಲೇ ತಾನೇ?

ಬಾತ್‌ರೂಮಲ್ಲಾ? ಛೀ! ಚಿಲಕ ಹಾಕ್ಕೊಂಡಾ?

ಬಾಗಿಲ ಕೆಳಗಿಂದ ನೀರು ಹರಿದು ಬಂತು ಅಂತ ಆಯಾ ಹೋಗಿ ನೋಡಿದ್ರಾ... ನೀರು ಯಾಕೆ ಬಂತು? ಓ, ನಲ್ಲಿ ಬಿಟ್ಕೊಂಡಿದ್ಲಾ. ಕೈ ತೊಳೆಯೋಕೆ ಇರಬೇಕು. ತಿನ್ನೋ ಮೊದಲು ಕೈ ತೊಳಿಬೇಕು ಅಂತ ನಾನೇ ಕಲಿಸಿದ್ದೀನಿ.

ಅದಕ್ಕಲ್ವಾ? ಮತ್ಯಾಕಂತೆ?

...ಕಾಗದ ಬಿಚ್ಚೋ ಸದ್ದು ಆಚೆ ಕೇಳಬಾರದು ಅಂತ. ಹಾಗಂದ್ಲಾ? ಅವಳ ಬಾಯಲ್ಲೇ?

ಅಬ್ಬಾ... ಎಂಥ ತಲೆ ನೋಡಿ! ಟೀವಿ ನೋಡಿ ಕಲಿತಿರಬೇಕು. ಇಲ್ಲ, ನಾವು ಟೀವಿ ಹಾಕೋದೇ ಇಲ್ಲ... ಹಾಂ, ಆ ಹುಡುಗನೇ ಹೇಳ್ಕೊಟ್ಟಿರಬೇಕು! ಏನು, ಅವನು ಎಲ್ಲರ ಮುಂದೇನೇ ತಿಂತಾನಾ? ಹಂಚ್ಕೊಂಡು? ಹಾಗಾದ್ರೆ ಅವಳ ಅಜ್ಜಿ. ಅಯ್ಯೋ, ಅವರಿಗೆ ಕಿವಿನೇ ಕೇಳಲ್ಲ, ಸದ್ದಿನ ಯೋಚನೆ ಅವರಿಗೆಲ್ಲಿ... ನೀವು ಕೇಳಲಿಲ್ವಾ, ಯಾರು ಕಲಿಸಿದ್ದು ಅಂತ?

ಕೇಳಿದ್ರಿ. ಏನಂದ್ಲು?

ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ್ಲಾ...

ಯಾಕೆ ಹಾಗೆ ನೋಡ್ತೀರಿ? ನಾನೇನು... ದಿನಾ ಏನಲ್ಲ. ಆಫೀಸಿಂದ ಬಂದು ಸ್ನಾನಕ್ಕೆ ಹೋದಾಗ... ಒಂದೇ ಒಂದು. ಒಂದೋ, ಎರಡೋ. ಇವಳು ಬಾಗಿಲಿಗೆ ಒರಗಿ ಆಚೆ ಕೂತಿರ್ತಾಳೆ, ‘ಅಮ್ಮಾ, ಆಯ್ತಾ?’ ಅಂತ. ನಾನು ಬಾಯಲ್ಲಿ ಇಟ್ಕೊಂಡೇ ಹೂಂ ಹೂಂ ಅಂತಿದ್ದೆ. ಗೊತ್ತಾಗಲ್ಲ ಅಂದ್ಕೊಂಡಿದ್ದೆ ಮಿಸ್. ಅಷ್ಟು ಜೋರಾಗಿ ನೀರು ಬಿಡ್ತಿದ್ದೆ!

ಅವಳಿಗೆಲ್ಲಾ ಗೊತ್ತಿತ್ತು. ಕಳ್ಳಿ ಅನ್ನಿಸ್ಕೊಂಡ್ರೂ ನನ್ನ ಹೆಸರು ಹೇಳಲಿಲ್ಲ ನನ್ನ ಕಂದ.

ಆ ಹುಡುಗನ್ನ ಎಲ್ಲೂ ಕಳಿಸಬೇಡಿ. ಇವಳು ಅವನ ಪಕ್ಕದಲ್ಲೇ ಕೂರಲಿ.

ಇರಿ, ಇರಿ, ಬಾಗಿಲು ತೆಗೀಬೇಡಿ! ಒಂದು ನಿಮಿಷ... ಒಳಗೆ ಬಂದ ತಕ್ಷಣ ನನ್ನ ಮುಖ ನೋಡ್ತಾಳೆ ಅವಳು. ಅಮ್ಮ ಬೈತಾಳಾ ಅಂತ ಅಲ್ಲ ಮಿಸ್... ಅಮ್ಮ ಸಿಕ್ಕಿಬಿದ್ಲಾ ಅಂತ.