ಆರೀಲಿಯಾಳ ಮದುವೆ ಕೌದಿ

...ಒಂದು ತಟ್ಟೆಗೋಸ್ಕರ ಇಷ್ಟು ದೂರ ನಡ್ಕೊಂಡು ಬಂದ್ರಾ ಹಲ್ಡಾ ಚಿಕ್ಕಮ್ಮ? ನಾನೇ ಕಳಿಸ್ತಿದ್ದೆ. ನಿನ್ನೆ ನಿಮ್ಮ ಸೇಬಿನ ಪೈ ಒಂದು ಚೂರೂ ಉಳೀಲಿಲ್ಲ. ಪಾದ್ರಿ ಹೆಂಡತಿ ಮೂರು ಸಲ ಹಾಕಿಸ್ಕೊಂಡು, ಆಮೇಲೆ ಹೊಟ್ಟೆ ಸರಿಯಿಲ್ಲ ಅಂತ ಪಾತ್ರೆ ತೊಳೆಯೋಕೆ ಬರ್ಲಿಲ್ಲ. ಯಾಕೆ ನಗ್ತೀರಿ? ದೇವರಾಣೆ ನಿಜ.

ಅಲ್ಲಿ ಬೇಡ, ಇಲ್ಲಿ ಒಲೆ ಹತ್ರ ಬನ್ನಿ. ಕೌದಿ ಬಿಗಿದಿರೋ ಚೌಕಟ್ಟಿನ ಸುತ್ತ ಬರೀ ದಾರದ ಚೂರು, ಲಂಗಕ್ಕೆ ಅಂಟ್ಕೊಳ್ಳುತ್ತೆ... ಇದಾ? ಇದು ನನ್ನ ಹೊಲಿಗೆ ಸಾಲಿಂದು. ನಿನ್ನೆ ಥರ ಹತ್ತು ಜನ ಹೆಂಗಸರು ಸುತ್ತ ಕೂತು ಹರಟೆ ಹೊಡೀತಾ ಹೊಲಿದ್ರೆ ಕೈ ನೆಟ್ಟಗಿರುತ್ತಾ? ನನ್ನದು ಸೊಟ್ಟಸೊಟ್ಟ ಹೋಗಿತ್ತು. ಬಿಚ್ಚಿ ಮತ್ತೆ ಹಾಕ್ತಾ ಕೂತಿದ್ದೆ, ಅಷ್ಟೇ. ನಿಮ್ಮದಾ? ನಿಮ್ಮದು ಮುತ್ತು ಪೋಣಿಸಿದ ಹಾಗಿದೆ, ಅದನ್ಯಾಕೆ ಮುಟ್ಲಿ?

ಈ ಕಂದು ಚುಕ್ಕಿ ತುಂಡು ನೋಡಿ, ನನ್ನ ಮದುವೇಲಿ ನೀವು ಹಾಕ್ಕೊಂಡಿದ್ದ ಗೌನು. ಈ ನೀಲಿ ಬಳ್ಳಿ ನಮ್ಮ ಆರೀಲಿಯಾ ಮೊದಲ ಸಲ ಚರ್ಚಿಗೆ ಹೋದಾಗಿನದು. ಅಂಚಿಗೆ ಮಾತ್ರ ಹೊಸದು, ಗುಲಾಬಿ ಹೂವಿನ ಚೀಟಿ ಬಟ್ಟೆ, ಬಾಸ್ಟನ್ನಿಂದ ತರಿಸಿದೆ. ಎಂಥಾ ಮೆರುಗು! ಗುರುವಾರ ಮದುವೆ ಮುಗೀಲಿ, ಗಂಡಿನ ತಾಯಿ ಬಾಯಿ ಮುಚ್ಕೊಂಡು ನೋಡ್ಬೇಕು.

ಕಿಟಕಿ ಕಡೆ ಯಾಕೆ ಹೋದ್ರಿ? ಹೌದು, ನಿನ್ನೆ ನೀವು ಕೂತಿದ್ದು ಅಲ್ಲೇ. ಬೆಳಕು ಬರುತ್ತೆ ಅಂತ ನಾನೇ ಕುರ್ಚಿ ಹಾಕಿಸಿದ್ದೆ... ಅಂಚಿನ ಮೇಲೆ ಬೆರಳು ಹಾಗೆ ಆಡಿಸಬೇಡಿ ಚಿಕ್ಕಮ್ಮ. ಏನು ಹುಡುಕ್ತಿದೀರಿ? ಅಲ್ಲೇನಿದೆ ಹುಡುಕೋಕೆ...

ತೂತು. ಹೂಂ, ಬಿಚ್ಚಿದ ಹೊಲಿಗೇದು. ಸಾದಾ ಬಟ್ಟೆ ಆಗಿದ್ರೆ ಉಗುರಲ್ಲಿ ಉಜ್ಜಿದ್ರೆ ಮುಚ್ಕೊಳ್ತಿತ್ತು. ಮೆರುಗಿನ ಬಟ್ಟೇಲಿ ಸೂಜಿ ಹೋದ ಜಾಗ ಹಾಗೇ ಉಳಿಯುತ್ತೆ ಅಂತ ನನಗೆ ಹೇಳಿಕೊಟ್ಟವರೇ ನೀವು. ನನಗೆ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಆ ತೂತುಗಳನ್ನ ಎಣಿಸ್ಬೇಡಿ ಚಿಕ್ಕಮ್ಮ.

ಆಯ್ತು, ಬಿಚ್ಚಿದ್ದು ನಿಮ್ಮ ಸಾಲನ್ನೇ. ನಿಮ್ಮದನ್ನ ಮಾತ್ರ. ಗಂಡಿನ ತಾಯಿ ಕೌದಿ ತಿರುಗಿಸಿ ಹಿಂದಿನ ಹೊಲಿಗೆ ನೋಡೋ ಹೆಂಗಸು, ನನ್ನ ಮಗಳನ್ನ ಆಡ್ಕೋತಾಳೆ ಅಂತ ಹೆದರಿದೆ. ಹೋದ ಚಳಿಗಾಲದ ಕೌದೀಲೂ ಬಿಚ್ಚಿದ್ದೆ. ಅದರ ಹಿಂದಿನದ್ರಲ್ಲೂ. ನಮ್ಮ ಜೊತೆ ಹೊಲಿಯೋ ಟಬಿತಾನೂ ಬಿಚ್ತಾಳೆ, ಪಾದ್ರಿ ಹೆಂಡತೀನೂ ಬಿಚ್ತಾರೆ. ನೀವು ಗೇಟು ದಾಟೋದನ್ನೇ ಕಾಯ್ತೀವಿ. ನಿಮ್ಮ ಕಣ್ಣು ಮಂಜಾಗಿದೆ ಅಂತ ನಿಮ್ಮೆದುರು ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ. ನನಗಂತೂ ಬರಲೇ ಇಲ್ಲ.

ಇದೇನು? ನಿಮ್ಮ ಸೂಜಿ ಡಬ್ಬಿ ನನ್ನ ಕೈಗೆ ಯಾಕೆ ಕೊಡ್ತಿದೀರಿ? ಬೇಡ... ಮುಂದಿನ ವಾರ ಟಬಿತಾ ಮನೇಲಿ ಚೌಕಟ್ಟು ಹಾಕ್ತಾರೆ, ಕಿಟಕಿ ಹತ್ರ ನಿಮ್ಮ ಕುರ್ಚಿ ಇರುತ್ತೆ. ಚಿಕ್ಕಮ್ಮ, ಡಬ್ಬಿ ವಾಪಸ್ ತಗೊಳ್ಳಿ. ಬೈಯಿರಿ ಬೇಕಾದ್ರೆ, ನಿಂತು ಬೈಸ್ಕೋತೀನಿ. ತಗೊಳ್ಳಿ ಅಂದೆ.