ಸೂಜಿ ಆಡಿಸಿದ ಮಾತು

೧೯೮೦ರ ಬೇಸಿಗೆ. ಯಲವಿಗಿ ಸ್ಟೇಷನ್ನಿನಲ್ಲಿ ಹರಿಹರದ ಗಾಡಿಗೆ ಕಾಯುತ್ತ ವೀಳ್ಯದೆಲೆಯ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ ಗೌಹರಳ ಕಿವಿ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿದ್ದವರು ಹುಬ್ಬಳ್ಳಿಗೆ ಹೊರಟ ಇಬ್ಬರು ಹೆಂಗಸರು.

“ಗುತ್ತೆವ್ವಕ್ಕ, ನಾಳೆ ಆಪರೇಶನ್‌ದಾಗ ಎಚ್ಚರ ತಪ್ಪಸಾಕ ನನಗ ಸೂಜಿ ಚುಚ್ತಾರೋ, ಗಾಳಿ ಕುಡಸ್ತಾರೋ?”

“ಗಾಳೀನ ಕೇಳು, ಶೇಖವ್ವ. ಹೆರಿಗ್ಯಾಗ ನಾ ಕುಡದಿದ್ದೆ. ನಗು ಬರ್ತೈತಿ, ವಾಂತಿ ಆಗ್ತೈತಿ. ಹೆಚ್ಚಾದ್ರ ಉಸಿರಿಗೆ ತ್ರಾಸಂತ, ಅದಕ್ಕ ಡಾಕ್ಟರು ಬಾಜೂಕ ಇರ್ತಾರ.”

“ಸೂಜಿ?”

“ಕೈ ಮುರದಾಗ ಕೊಟ್ಟಿದ್ರು. ನೋವಿಲ್ಲ. ಆದ್ರ ಜೀವ ಜಂತಿ ಏರಿ ಕುಂತು ತನ್ನ ಮೈ ತಾನ ನೋಡ್ತೈತಿ. ಬಾಯಿ ಸುಮ್ನ ಒದರ್ತೈತಿ.”

“ಏನ ಒದರಿದಿ?”

“‘ಬ್ಯಾಡ, ಕೊಡಬ್ಯಾಡ್ರಿ’ ಅಂದ್ನಂತ. ದೇವಿ ದ್ಯಾಮವ್ವ ನನ್ನ ಮೈಮ್ಯಾಲ ಬಂದು ಹೇಳ್ಯಾಳಂತ ತಿಳದು ನಮ್ಮ ಮನಿಯವರು ಮಗಳನ್ನ ಹಿರೇಕೆರೂರಿಗೆ ಕೊಡೋದು ಬಿಟ್ಟಬಿಟ್ರು. ಅಕಿ ಆ ಹುಡುಗನ್ನ ಭಾಳ ಮೆಚ್ಚಿದ್ಲು.”

“ಅಯ್ಯ ಶಿವನ! ಖರೇನ ಮಗಳನ್ನ ಕೊಡಬ್ಯಾಡ್ರಿ ಅಂದ್ಯಾ?”

“ಇನ್ನೊಂದು ಸೂಜಿ ಕೊಡಬ್ಯಾಡ್ರಿ ಅಂದಿದ್ದೆ.”

“ಎಚ್ಚರಾದ ಮ್ಯಾಲ ಹೇಳಬೇಕಿತ್ತಿಲ್ಲ?”

ಹುಬ್ಬಳ್ಳಿಯ ಗಾಡಿ ಬಂದು ನಿಂತಿತು. ಗುತ್ತೆವ್ವ ಗಂಟು ಎತ್ತಿಕೊಂಡು ಶೇಖವ್ವನನ್ನು ಮುಂದೆ ಹತ್ತಿಸಿದಳು. ಮೆಟ್ಟಿಲ ಮೇಲಿಂದ ಅವಳ ಮಾತು ಗೌಹರಳಿಗೆ ಕೇಳಿಸಿತು:

“ಹೇಳಿದೆ. ಎಚ್ಚರಿದ್ದಾಗ ನನ್ನ ಮಾತು ಆ ಮನ್ಯಾಗ ಯಾರ ಕೇಳ್ಯಾರ?”