ಮದುವೆಗೆ ಮುಂಚೆಯೇ ಕೊಯ್ದ ಲ್ಯಾವೆಂಡರ್

ಹಲೋ... ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಹೂವಿನ ಎಣ್ಣೆ ಇಳಿಸೋ ಭಟ್ಟಿ ಬುಸುಗುಡ್ತಿದೆ...

ಓ, ಮದುಮಗಳಾ! ಇದ್ಯಾರ ನಂಬರು? ಹಾಂ, ನಿಮ್ಮವರದಾ? ತಾಳಿಗೆ ಮುಂಚೆನೇ ಫೋನ್ ಕಿತ್ಕೊಂಡಿದೀಯ, ಜಾಣೆ. ಏನು, ಅಕ್ಕನ ನೆನಪಾಯ್ತಾ?...

ಬರೋ ಭಾನುವಾರ ತಾನೇ, ಗೊತ್ತು. ಎಂಬತ್ತು ಜನ, ಅದೂ ಗೊತ್ತು. ನಮ್ಮ ಹೊಲದ ಲ್ಯಾವೆಂಡರ್ ಹೂವಿನ ಮಧ್ಯೆ ನಿಂತು ಮದುವೆ, ಅದೂ ಗೊತ್ತು. ಆ ವಿಷ್ಯಾನೇ ಹೇಳೋಣ ಅಂತ ಮೂರು ದಿನದಿಂದ ಫೋನ್ ತಗೋತೀನಿ, ಇಡ್ತೀನಿ. ಕೂತಿದೀಯಾ? ಕೂತ್ಕೋ...

ಹೂವಿಲ್ಲ ಕಣೇ...

ಇಲ್ಲ ಅಂದ್ರೆ ಇಲ್ಲ. ಕೊಯ್ದಾಯ್ತು. ಈಗ ಭಟ್ಟಿಲಿ ಬೇಯ್ತಿರೋದೇ ನಿನ್ನ ಮಂಟಪ...

ಅಯ್ಯೋ, ಕಿರುಚಬೇಡ್ವೇ! ನಾನೇನು ಬೇಕು ಅಂತ ಮಾಡಿದ್ನಾ? ಚಳಿಗಾಲ ಈ ಸಲ ಬಾಗಿಲಲ್ಲೇ ನಿಂತು, ಚೆನ್ನಾಗಿದೀರಾ ಅಂತ ಕೇಳಿ ಹೊರಟುಹೋಯ್ತು. ಆಮೇಲೆ ಬಂತು ನೋಡು ಬಿಸಿಲು... ಮೂರು ವಾರ ಮುಂಚೆನೇ ಹೂವೆಲ್ಲ ಅರಳಿ ನಿಂತ್ವು. ಭಾನುವಾರದ ತನಕ ಬಿಟ್ಟಿದ್ರೆ ಎಣ್ಣೆ ಗಾಳಿಗೆ ಹೋಗಿ ಕೈಗೆ ಬರೀ ಹೊಟ್ಟು ಸಿಗ್ತಿತ್ತು, ಅಲ್ವಾ?...

ಬಿಸಿಲಿಗೆ ಆಮಂತ್ರಣ ಪತ್ರಿಕೆ ಕೊಟ್ಟಿದ್ಯಾ, ಈ ದಿನಾನೇ ಬಾ ಅಂತ? ಇಲ್ವಲ್ಲ. ಮತ್ತೆ?...

ಹಾಂ? ಅಮ್ಮ ನೆಟ್ಟ ಸಾಲಾ?...

ಕೇಳಿಸ್ತು ಕಣೇ. ಭಟ್ಟಿ ಸದ್ದು ಅಂತ ನೆಪ ಹೇಳಲ್ಲ. ಹೋಯ್ತು. ಈ ಬಿಸಿಲಿಗೆ ಮುಂಚೆ, ಕಾಲವಲ್ಲದ ಕಾಲದಲ್ಲಿ ಒಂಬತ್ತು ದಿನ ಮಳೆ ಹಿಡೀತಲ್ಲ, ಬುಡದಲ್ಲಿ ನೀರು ನಿಂತು ಬೇರು ಪೂರ್ತಿ ಕೊಳೀತು. ಎಳೆದ್ರೆ ಹಾಗೇ ಕೈಗೆ ಬಂತು. ನಾನೇ ಕಿತ್ತೆ. ಆಳುಗಳ ಕೈಲಿ ಕೀಳ್ಸೋಕೆ ಮನಸ್ಸು ಬರ್ಲಿಲ್ಲ...

ಅಳ್ಬೇಡ. ನೀನತ್ರೆ ನಾನೂ ಅಳ್ತೀನಿ, ಆಮೇಲೆ ಒಲೆ ಯಾರು ನೋಡ್ತಾರೆ?...

ಕೇಳಿಲ್ಲಿ. ಮಳೆಗೆ ಮುಂಚೆನೇ ಅಮ್ಮನ ಗಿಡಗಳಿಂದ ಕಡ್ಡಿ ಕತ್ತರಿಸಿ ಬೇರು ಬರ್ಸಿದ್ದೆ. ಇನ್ನೂರು ಸಸಿ ಇವೆ. ಇಲ್ಲಿ ಕೆಳಗೆ ಬಾಳಲ್ಲ, ಕುಂಡದಲ್ಲೇ ಬಾಡ್ತಿವೆ. ಗುಡ್ಡದ ಮೇಲೆ ತಂಪಿದೆ, ಕಲ್ಲು ನೆಲ, ನೀರೂ ನಿಲ್ಲಲ್ಲ. ಬೇಗ ಅಲ್ಲಿಗೆ ಸಾಗಿಸ್ಬೇಕು. ನನ್ನ ಸೊಂಟ ಒಪ್ಪುತ್ತಿಲ್ಲ...

ಭಾನುವಾರ ನಿನ್ನ ಎಂಬತ್ತು ಜನ ಗುಡ್ಡ ಹತ್ತಿ ತಲೆಗೆ ಎರಡ್ಮೂರು ಸಸಿ ನೆಟ್ರೆ ಮುಗೀತು... ಯಾಕೆ ನಗ್ತೀಯಾ? ತಮಾಷೆ ಅಲ್ಲ. ಉಡುಗೊರೆ ಬೇಡ, ಗುದ್ದಲಿ ತನ್ನಿ ಅಂತ ಹೇಳು...

ನಿಮ್ಮವರು ಏನಂತಾರೆ? ಬೆನ್ನು ನೋವಾ? ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು, ಇನ್ನೊಂದ್ಸಲ ಯೋಚ್ನೆ ಮಾಡು!...

ಹಾಂ? ನಾಳೆನೇನಾ? ಅಷ್ಟು ಮುಂಚೆ ಬಂದು ಏನ್ಮಾಡ್ತೀಯೇ?...

ಗುಂಡಿ ತೋಡ್ತೀಯಾ? ನೀನಾ?...

ಬಾ. ಬಾರೇ. ಮೊದಲನೇ ಸಸಿ ನಿನಗೇ ಇಟ್ಟಿರ್ತೀನಿ, ಬರೋ ತನಕ ಯಾರೂ ಮುಟ್ಟಲ್ಲ. ಆದ್ರೆ ಮೇಲೆಲ್ಲ ಬರೀ ಕಲ್ಲು, ಆ ಎತ್ತರದ ಚಪ್ಪಲಿ ಮಾತ್ರ ಹಾಕ್ಕೊಂಡು ಬರ...

ಹಲೋ?... ಇಟ್ಟೇಬಿಟ್ಲು!